ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದೇವೆ, ಸಿಮ್ ಎಲ್ಲಿ ತಗೊಳ್ಳೋದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗಳು, ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಮಗಳ ಬಾಣಂತನಕ್ಕೆ ನಾನು ಮತ್ತು ನಮ್ಮನೆಯವರು ಮೂರು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ವಿಮಾನ, ದೋಹಾದಲ್ಲಿ ಬದಲಾಯಿಸಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವುದು. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಬಿಎಸ್ಸೆನ್ನೆಲ್ ಮತ್ತು ಏರ್‌ಟೆಲ್ ಎರಡೂ ಸಿಮ್ ಇವೆ. ಬ್ಯಾಂಕಿನ ಮೆಸೇಜ್ ಬರುವುದು ಬಿಎಸ್ಸೆನ್ನೆಲ್‌ಗೆ, ವಾಟ್ಸಾಪ್ ಇರುವುದು ಏರ್‌ಟೆಲ್‌ನಲ್ಲಿ. ನಮ್ಮನೆಯವರದ್ದು ಬಟನ್ ಫೋನ್. ಇಲ್ಲೇ ಒಂದು ಇಂಟರ್‌ನ್ಯಾಷನಲ್ ಸಿಮ್ ತಗೊಂಡು ಹೋಗಿ ಎಂದು ಕೆಲವರು ಹೇಳುತ್ತಾರೆ. ಏರ್‌ಟೆಲ್‌ಗೇ ಪ್ಯಾಕ್ ಹಾಕಿಸಿ ಎಂದು ಇನ್ನು ಕೆಲವರು. ಮಧ್ಯೆ ಎರಡು ದಿನ ಸ್ವಿಟ್ಜರ್ಲೆಂಡ್ ತೋರಿಸುತ್ತೇನೆ ಎಂದು ಅಳಿಯ ಹೇಳಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ಅಕ್ಕ, ಮೊದಲು ಸಣ್ಣ ಉತ್ತರ ಹೇಳಿಬಿಡುತ್ತೇನೆ. ಡೇಟಾಕ್ಕೆ ಜರ್ಮನಿಯ ಪ್ರೀಪೇಯ್ಡ್ ಸಿಮ್ಮನ್ನು ಅಲ್ಲೇ ತಗೊಳ್ಳಿ. ಊರಿನ ಒಂದು ನಂಬರನ್ನು ಫೋನಿನಲ್ಲೇ ಬಿಡಿ, ಆದರೆ ಅದು ಬರೀ ಮೆಸೇಜಿಗೆ. ಅದರಿಂದ ಡೇಟಾ ಬಳಸುವುದು ಬೇಡ. ಇಂಟರ್‌ನ್ಯಾಷನಲ್ ಸಿಮ್ ಎಂದು ಇಲ್ಲಿ ಮಾರುವುದು ನಿಮಗೆ ಬೇಕಾಗಿಲ್ಲ.

ಕಾರವಾರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು ನಾನು. ಹಡಗಿಗೆ ಹೋಗುವವರು, ಗಲ್ಫಿಗೆ ಹೋಗುವವರು, ನಿಮ್ಮ ಹಾಗೆ ಮಕ್ಕಳ ಮನೆಗೆ ಹೋಗುವವರು ಎಲ್ಲರೂ ಬಂದು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಯಾವ ಸಿಮ್ ಒಳ್ಳೇದು? ಅಲ್ಲಿನ ಸಿಮ್ ಸಿಗುವುದು ಏನೂ ದೊಡ್ಡ ವಿಷಯ ಅಲ್ಲ. ದುಡ್ಡು ಕೊಟ್ಟರೆ ಸಿಗುತ್ತದೆ. ತೊಂದರೆ ಆಗುವುದು ಊರಿನ ಸಿಮ್ಮಿಗೆ. ಅಲ್ಲಿ ಕೂತು ಬ್ಯಾಂಕಿನ ಓಟಿಪಿ ಬರಲಿಲ್ಲ, ಯುಪಿಐ ನಿಂತುಹೋಯಿತು, ವಾಟ್ಸಾಪ್ ಮತ್ತೆ ನಂಬರ್ ಕೇಳುತ್ತಿದೆ ಎಂದು ಫೋನ್ ಮಾಡುತ್ತಾರೆ. ಆಗ ಇಲ್ಲಿಂದ ನಾವು ಮಾಡುವಂಥದ್ದು ಏನೂ ಇರುವುದಿಲ್ಲ. ಹಾಗಾಗಿ ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಶಿರಸಿಯಲ್ಲೇ, ಹೊರಡುವ ಮೂರು ನಾಲ್ಕು ವಾರ ಮೊದಲೇ ಮುಗಿಯಬೇಕು.

ನಿಮ್ಮ ಲೆಕ್ಕ ನೋಡಿ. ಬಿಎಸ್ಸೆನ್ನೆಲ್, ಏರ್‌ಟೆಲ್, ಜೊತೆಗೆ ಜರ್ಮನಿಯದ್ದು. ಸಿಮ್ ಮೂರು, ಜಾಗ ಎರಡು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಇದು ಎಲ್ಲರ ಮನೆಯ ಕತೆ. ಮನೆಯಲ್ಲಿ ಬಿಎಸ್ಸೆನ್ನೆಲ್ ಮಾತ್ರ ಸಿಗುತ್ತದೆ, ಪೇಟೆಗೆ ಬಂದರೆ ಇನ್ನೊಂದು ಬೇಕು. ಬ್ಯಾಂಕ್ ಖಾತೆ ತೆರೆದಾಗ ಇದ್ದದ್ದು ಬಿಎಸ್ಸೆನ್ನೆಲ್, ಅದೇ ನಂಬರ್ ಉಳಿದುಕೊಂಡಿದೆ. ಊರಲ್ಲಿ ಇರುವಷ್ಟು ದಿನ ಇದರಿಂದ ಏನೂ ತೊಂದರೆ ಇಲ್ಲ. ಹೊರಗೆ ಹೋಗುವಾಗ ಮಾತ್ರ ಇವೆರಡರಲ್ಲಿ ಒಂದನ್ನು ಆರಿಸಬೇಕು.

ನನ್ನ ಸಲಹೆ: ಬ್ಯಾಂಕಿನ ನಂಬರನ್ನು ಏರ್‌ಟೆಲ್‌ಗೆ ಬದಲಾಯಿಸಿ. ವಾಟ್ಸಾಪ್ ಹೇಗೂ ಅದರಲ್ಲೇ ಇದೆ. ಬ್ಯಾಂಕಿನ ಶಾಖೆಗೆ ಪಾಸ್‌ಬುಕ್, ಆಧಾರ್ ತಗೊಂಡು ಹೋಗಿ ಅರ್ಜಿ ಕೊಟ್ಟು ಬನ್ನಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಎರಡು ಕಡೆಗೂ ಹೋಗಬೇಕು. ಅಡಿಕೆ ದುಡ್ಡು ಬರುವ ಸೊಸೈಟಿ ಖಾತೆಯನ್ನು ಮರೆಯುವವರು ಜಾಸ್ತಿ. ನಂಬರ್ ಬದಲಾದ ಮೇಲೆ ಗೂಗಲ್ ಪೇ, ಫೋನ್‌ಪೇಯಂಥವನ್ನು ಹೊಸ ನಂಬರಿನಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ. ಅದನ್ನೂ ಇಲ್ಲೇ ಮುಗಿಸಿ, ಅಂಗಡಿಯಲ್ಲಿ ಒಂದು ಚಹಾದ ದುಡ್ಡು ಕೊಟ್ಟು ಸರಿ ಇದೆಯಾ ಎಂದು ನೋಡಿಕೊಳ್ಳಿ. ಯುಪಿಐ ನೋಂದಣಿ ಆಗುವಾಗ ಫೋನು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ವಿದೇಶದಲ್ಲಿ ಕೂತಾಗ ಈ ಎಸ್ಸೆಮ್ಮೆಸ್ ಹೋಗದೇ ಕೈಕೊಡುವುದೇ ಹೆಚ್ಚು. ಅಲ್ಲಿಗೆ ಹೋದ ಮೇಲೆ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವುದು, ಅಳಿಯ ಕೊಡಿಸಿದ ಹೊಸ ಫೋನಿಗೆ ಎಲ್ಲವನ್ನೂ ಸಾಗಿಸುವುದು, ಇವನ್ನೆಲ್ಲ ಊರಿಗೆ ಬಂದ ಮೇಲೆ ಇಟ್ಟುಕೊಳ್ಳಿ.

ಬಿಎಸ್ಸೆನ್ನೆಲ್ ಸಿಮ್ಮನ್ನು ಹಾಗೇ ಪೆಟ್ಟಿಗೆಯಲ್ಲಿ ಹಾಕಿಡಬೇಡಿ. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್ 2013ರಲ್ಲಿ ಮಾಡಿದ ನಿಯಮದ ಪ್ರಕಾರ 90 ದಿನ ಯಾವ ಬಳಕೆಯೂ ಇಲ್ಲದ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ನೀವು ಹೋಗುವುದು ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ. ತೋಟ ನೋಡಿಕೊಳ್ಳಲು ಮನೆಯಲ್ಲಿ ಯಾರನ್ನಾದರೂ ಬಿಟ್ಟು ಹೋಗುತ್ತೀರಲ್ಲ, ಅವರ ಫೋನಿಗೆ ಹಾಕಿ ಹೋಗಿ. ರೀಚಾರ್ಜ್ ಅವರೇ ಮಾಡಲಿ, ಫೋನ್ ಬಂದರೆ ಎತ್ತಲಿ. ಆದರೆ ಬ್ಯಾಂಕಿನ ನಂಬರ್ ಅದರಲ್ಲೇ ಇರಲಿ, ಓಟಿಪಿ ಬಂದರೆ ಅವರು ಓದಿ ಹೇಳುತ್ತಾರೆ ಎಂಬ ಯೋಚನೆ ಬೇಡ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ತಾಸು, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ನೀವು ರಾತ್ರಿ ಎಂಟಕ್ಕೆ ಓಟಿಪಿ ಕೇಳಿದರೆ ಅವರು ಮಲಗಿರುತ್ತಾರೆ. ಎದ್ದಿದ್ದರೂ ಓಟಿಪಿ ಇರುವುದು ಕೆಲವೇ ನಿಮಿಷ. ಅದಕ್ಕಿಂತ ಮುಖ್ಯ, ಫೋನಿನಲ್ಲಿ ಓಟಿಪಿ ಓದಿ ಹೇಳುವ ಅಭ್ಯಾಸ ಮನೆಯಲ್ಲಿ ಬೆಳೆದರೆ ನಾಳೆ ಮೋಸಗಾರರು ಕೇಳಿದಾಗಲೂ ಓದಿ ಹೇಳುತ್ತಾರೆ.

ಇನ್ನು ಏರ್‌ಟೆಲ್ ಸಿಮ್ಮಿಗೆ ಹೊರಡುವ ಮೊದಲು ಎರಡು ಕೆಲಸ. ಒಂದು, ಕಸ್ಟಮರ್ ಕೇರಿಗೋ ಶಿರಸಿಯ ಅವರ ಅಂಗಡಿಗೋ ಹೋಗಿ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ. ಕೇಳಬೇಕಾದ ಪ್ರಶ್ನೆ ಒಂದೇ: "ರೋಮಿಂಗ್ ಪ್ಯಾಕ್ ಹಾಕದೇ ಜರ್ಮನಿಯಲ್ಲಿ ನನಗೆ ಬ್ಯಾಂಕಿನ ಎಸ್ಸೆಮ್ಮೆಸ್ ಬರುತ್ತದಾ, ಅದಕ್ಕೆ ದುಡ್ಡು ಇದೆಯಾ?" ಸಾಮಾನ್ಯವಾಗಿ ನಮ್ಮ ಕಂಪನಿಗಳು ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್ಸಿಗೆ ದುಡ್ಡು ಹಾಕುವುದಿಲ್ಲ. ಆದರೆ ರೋಮಿಂಗ್ ಸೇವೆ ಚಾಲೂ ಇರಬೇಕು, ರೀಚಾರ್ಜಿನ ಅವಧಿಯೂ ಇರಬೇಕು. ಉತ್ತರ ಬಾಯಿಮಾತಿನಲ್ಲಿ ಬೇಡ, ಆ್ಯಪಿನಲ್ಲಿ ಎಲ್ಲಿದೆ ತೋರಿಸಿ ಎನ್ನಿ. ಎರಡು, ರೀಚಾರ್ಜ್. ಹೆಚ್ಚಿನವರು ಹಾಕಿಸುವುದು 84 ದಿನದ್ದು. ಹೊರಡುವ ದಿನ ಹಾಕಿಸಿದರೂ 90 ದಿನ ಇದ್ದು ಬರುವವರಿಗೆ ಕೊನೆಯಲ್ಲಿ ಆರು ದಿನ ಕಡಿಮೆ ಬೀಳುತ್ತದೆ. ಊರಿನಿಂದ ಯಾರಾದರೂ ಹಾಕಬಹುದು, ಅದೇನೂ ಕಷ್ಟ ಅಲ್ಲ. ನೆನಪಿರಬೇಕು ಅಷ್ಟೇ.

ಈ ಸಿಮ್ಮನ್ನು ಪರ್ಸಿನಲ್ಲಿ ಇಡದೇ ಫೋನಿನಲ್ಲೇ ಬಿಡಿ ಎನ್ನಲು ಇನ್ನೊಂದು ಕಾರಣ ಇದೆ. ಮೊದಲೆಲ್ಲ ವಾಟ್ಸಾಪಿಗೆ ಸಿಮ್ ಎಲ್ಲಿದೆ ಎಂಬುದು ಬೇಕಿರಲಿಲ್ಲ. ಒಮ್ಮೆ ನೋಂದಾಯಿಸಿದರೆ ಆಯಿತು. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪ್‌ಗಳಿಗೆ ಒಂದು ನಿರ್ದೇಶನ ಕೊಟ್ಟಿತು. ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯುವಂತೆ ಮಾಡಿ ಎಂದು. ಏರ್‌ಟೆಲ್ ಸಿಮ್ ಜಾಗದಲ್ಲೇ ಇದ್ದರೆ ನಿಮಗೆ ಇದರ ಚಿಂತೆಯೇ ಇಲ್ಲ. ಜರ್ಮನಿಯ ಸಿಮ್ ಹಾಕಿದಾಗ ವಾಟ್ಸಾಪ್ "ನಂಬರ್ ಬದಲಾಯಿಸಬೇಕೇ?" ಎಂದು ಕೇಳಬಹುದು. ಬೇಡ ಎನ್ನಿ. ಬೇಕು ಎಂದು ಒತ್ತಿದಿರೋ, ಊರಿನವರಿಗೆಲ್ಲ ನೀವು ಹೊಸ ನಂಬರಿನವರು.

ಸಿಮ್ ಹಾಕುವ ತಟ್ಟೆಯನ್ನೂ ಈಗಲೇ ಹೊರಗೆ ತೆಗೆದು ನೋಡಿ. ಕೆಲವು ಫೋನಿನಲ್ಲಿ ಎರಡನೇ ಸಿಮ್ಮಿನ ಜಾಗವೂ ಮೆಮರಿ ಕಾರ್ಡಿನ ಜಾಗವೂ ಒಂದೇ. ನಿಮ್ಮದರಲ್ಲಿ ಎರಡು ಸಿಮ್ ಈಗಾಗಲೇ ಇರುವುದರಿಂದ ನಿಮಗೆ ತೊಂದರೆ ಇಲ್ಲ. ಬೇರೆ ಓದುಗರು ಗಮನಿಸಿ. ಸಿಮ್ ತೆಗೆಯುವ ಸಣ್ಣ ಪಿನ್ ಒಂದನ್ನು ಪರ್ಸಿನಲ್ಲಿ ಹಾಕಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಸೇಫ್ಟಿ ಪಿನ್ ತುದಿಯಿಂದ ಒತ್ತಿ ಫೋನಿನ ಮೈಕ್ ತೂತು ಹಾಳು ಮಾಡಿಕೊಂಡವರೂ ಇದ್ದಾರೆ.

ಇ-ಸಿಮ್ ಬಗ್ಗೆ ಮಗಳು ನಿಮಗೆ ಹೇಳಿರಬಹುದು. ಪ್ಲಾಸ್ಟಿಕ್ ಚಿಪ್ಪಿಲ್ಲದೇ ಫೋನಿನ ಒಳಗೇ ಇಳಿಸಿಕೊಳ್ಳುವ ಸಿಮ್ ಅದು. ನಿಮ್ಮ ಫೋನಿಗೆ ಅದು ಆಗುತ್ತದಾ ಎಂದು ತಿಳಿಯಲು *#06# ಒತ್ತಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ ಉದ್ದ ಸಂಖ್ಯೆಯೂ ಕಂಡರೆ ಆಗುತ್ತದೆ. ಐಫೋನಿನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚಿನವಕ್ಕೆ ಇದೆ. ಕಡಿಮೆ ಬೆಲೆಯ ಆಂಡ್ರಾಯ್ಡ್‌ಗಳಲ್ಲಿ ಬಹಳಷ್ಟಕ್ಕೆ ಇಲ್ಲ. ಇದ್ದರೆ ಏರ್‌ಟೆಲ್ ಅನ್ನು ಇ-ಸಿಮ್ ಮಾಡಿ, ಮೂರೂ ನಂಬರ್ ಇಟ್ಟುಕೊಳ್ಳಬಹುದಲ್ವಾ ಎಂದು ಯಾರಾದರೂ ಹೇಳುತ್ತಾರೆ. ಒಂದೇ ಹೊತ್ತಿಗೆ ಎಚ್ಚರ ಇರುವುದು ಎರಡೇ ಸಿಮ್, ಅದು ಬೇರೆ ಮಾತು. ನನ್ನ ಮಟ್ಟಿಗೆ, ಬ್ಯಾಂಕಿನ ನಂಬರ್ ಪ್ಲಾಸ್ಟಿಕ್ ಸಿಮ್ಮಿನಲ್ಲೇ ಇರುವುದು ಒಳ್ಳೇದು. ಫೋನ್ ನೀರಿಗೆ ಬಿದ್ದರೆ, ಪರದೆ ಒಡೆದರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಮಗಳ ಹಳೇ ಫೋನಿಗೆ ಹಾಕಿದರೆ ಮುಗಿಯಿತು. ಇ-ಸಿಮ್ ಅಷ್ಟು ಸುಲಭದಲ್ಲಿ ಹೊರಗೆ ಬರುವುದಿಲ್ಲ. ಹಾಗೂ ಬದಲಾಯಿಸುವುದಿದ್ದರೆ ಹೊರಡುವ ಹಿಂದಿನ ದಿನ ಮಾತ್ರ ಬೇಡ. ಸಿಮ್ ಬದಲಾದ ಮೇಲೆ 24 ತಾಸು ಎಸ್ಸೆಮ್ಮೆಸ್ ತಡೆಹಿಡಿಯುವ ನಿಯಮ ಇದೆ. ಸಿಮ್ ಕದಿಯುವವರನ್ನು ತಡೆಯಲು ಮಾಡಿದ್ದು ಅದು.

ಈಗ ನಿಮಗೆ ಕೆಲವರು ಹೇಳಿದ ಎರಡು ದಾರಿಗಳ ವಿಷಯ.

ಏರ್‌ಟೆಲ್, ಜಿಯೋ, ವಿ ಇವರೆಲ್ಲ ಕೊಡುವ ರೋಮಿಂಗ್ ಪ್ಯಾಕ್ ಕೆಟ್ಟದ್ದು ಎಂದಲ್ಲ. ವಾರ ಹತ್ತು ದಿನದ ಪ್ರವಾಸಕ್ಕೆ, ದಿನಕ್ಕೊಂದು ದೇಶ ಸುತ್ತುವವರಿಗೆ ಅದೇ ಸಲೀಸು. ಇಳಿದ ಕೂಡಲೇ ನಡೆಯುತ್ತದೆ, ಅಂಗಡಿ ಹುಡುಕುವ ಕೆಲಸ ಇಲ್ಲ. ಆದರೆ ಹೆಚ್ಚಿನವುಗಳ ಲೆಕ್ಕ ಸಾವಿರಗಳಲ್ಲಿ, ಅವಧಿ ದಿನಗಳಲ್ಲಿ. ಮೂರು ತಿಂಗಳಿಗೆ ಅದನ್ನೇ ಹಾಕುತ್ತ ಹೋದರೆ ಒಂದು ಕ್ವಿಂಟಲ್ ಅಡಿಕೆಯ ದುಡ್ಡು ಎಲ್ಲಿ ಹೋಯಿತು ಎಂದು ಕೇಳಬೇಕಾದೀತು. ಇಷ್ಟು ತುಟ್ಟಿ ಯಾಕೆ ಎಂದರೆ, ರೋಮಿಂಗ್‌ನಲ್ಲಿ ನೀವು ಸ್ಟುಟ್‌ಗಾರ್ಟ್‌ನಲ್ಲಿ ಕೂತು ಅಲ್ಲಿನದೇ ಬಸ್ಸಿನ ವೇಳೆ ನೋಡಿದರೂ ಆ ಡೇಟಾ ಸಾಮಾನ್ಯವಾಗಿ ಭಾರತದ ಕಂಪನಿಯ ಮನೆಗೆ ಬಂದು ಮತ್ತೆ ಹಿಂದೆ ಹೋಗುತ್ತದೆ. ಕುಮಟೆಯಿಂದ ಹೊನ್ನಾವರಕ್ಕೆ ಹೋಗಲು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದು ಮತ್ತೆ ಇಳಿದ ಹಾಗೆ. ದಾರಿಗೆ ಎರಡೂ ಕಡೆಯ ಕಂಪನಿಗಳಿಗೆ ದುಡ್ಡು ಕೊಡಬೇಕು. ಪ್ಯಾಕ್ ಇಲ್ಲದೇ ಡೇಟಾ ತೆರೆದಿಟ್ಟರಂತೂ ಎಂಬಿ ಲೆಕ್ಕದಲ್ಲಿ ಕತ್ತರಿಸುತ್ತಾರೆ.

ಇಲ್ಲೇ ಮಾರುವ ಇಂಟರ್‌ನ್ಯಾಷನಲ್ ಸಿಮ್ ಇನ್ನೊಂದು ಬಗೆ. ಸರ್ಕಾರದ ಅನುಮತಿ ಪಡೆದು ಮಾರುವ ಕಂಪನಿಗಳಿವೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಕೊಟ್ಟರೆ ಕೊಡುತ್ತಾರೆ. ಅವರದ್ದೂ ಬೇರೆ ಯಾವುದೋ ದೇಶದ ಸಿಮ್ಮಿನ ರೋಮಿಂಗೇ. ಟೂರಿನವರ ಗುಂಪಿಗೆ ಸರಿ, ನಿಮಗೆ ಅಲ್ಲ. ಇನ್ನು ಆ್ಯಪಿನಲ್ಲಿ ಕೊಳ್ಳುವ ಪ್ರವಾಸದ ಇ-ಸಿಮ್‌ಗಳಿವೆ. ಅವುಗಳಲ್ಲಿ ಹೆಸರುವಾಸಿಯಾದ ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಭಾರತದ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. ಅನುಮತಿ ಇಲ್ಲದೇ ಮಾರುತ್ತಿದ್ದಾರೆ ಎಂಬ ಕಾರಣಕ್ಕೆ. ಯಾರೋ ಕಳಿಸಿದ ಲಿಂಕಿನಿಂದ, ಕ್ಯೂಆರ್ ಚಿತ್ರದಿಂದ ಇ-ಸಿಮ್ ಕೊಳ್ಳಬೇಡಿ. ಅದರ ಹೆಸರಿನಲ್ಲಿ ನಂಬರ್ ಕದಿಯುವ ಮೋಸವೂ ನಡೆಯುತ್ತಿದೆ. ಪ್ರವಾಸದ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ, ಫೋನ್ ನಂಬರ್ ಕೊಡುವುದಿಲ್ಲ. ನಿಮಗೆ ನಂಬರ್ ಬೇಕೇ ಬೇಕು. ಮಗಳು ಆಸ್ಪತ್ರೆಯಲ್ಲಿ, ಅಳಿಯ ಅವಳ ಜೊತೆ, ಮನೆಯಲ್ಲಿ ನೀವಿಬ್ಬರೇ. ಆಗ ಪಾರ್ಸೆಲ್‌ನವನು, ಸೂಲಗಿತ್ತಿ, ಪಕ್ಕದ ಮನೆಯವರು ಯಾರಾದರೂ ನಿಮಗೆ ಅಲ್ಲಿನ ನಂಬರಿಗೇ ಫೋನ್ ಮಾಡಬೇಕಲ್ಲ. ಜರ್ಮನಿಯಲ್ಲಿ ತುರ್ತು ಸಂಖ್ಯೆ 112. ಸಿಮ್ ಇಲ್ಲದ ಫೋನಿನಿಂದ ಅಲ್ಲಿ 112 ಹೋಗುವುದಿಲ್ಲ. 2009ರಲ್ಲೇ ಅದನ್ನು ನಿಲ್ಲಿಸಿದ್ದಾರೆ. ಇದೊಂದು ಕಾರಣಕ್ಕಾದರೂ ಇಬ್ಬರ ಫೋನಿನಲ್ಲೂ ಚಾಲೂ ಇರುವ ಸಿಮ್ ಇರಲಿ.

ದಾರಿಯಲ್ಲಿ ಹೇಗೆ? ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಏರ್‌ಟೆಲ್ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇದೆಯಾ ನೋಡಿ. ಆಮೇಲೆ ಫ್ಲೈಟ್ ಮೋಡ್ ಹಾಕಿ, ಫ್ರಾಂಕ್‌ಫರ್ಟ್ ತನಕ ಹಾಗೇ ಇರಲಿ. ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕದಿದ್ದರೆ ಏನಾಗುತ್ತದೆ ಎಂದು ಹುಡುಗರು ನಗುತ್ತಾರೆ. ಕೆಲವು ವಿಮಾನಗಳ ಒಳಗೇ ಏರೋಮೊಬೈಲ್‌ನಂಥ ಕಂಪನಿಗಳ ಸಣ್ಣ ಟವರ್ ಇರುತ್ತದೆ. ಫೋನು ಸುಮ್ನೆ ಅದಕ್ಕೆ ಅಂಟಿಕೊಳ್ಳುತ್ತದೆ, ಆ ದರ ಸಾಮಾನ್ಯ ರೋಮಿಂಗಿಗಿಂತಲೂ ಜಾಸ್ತಿ. ಹಡಗಿನಲ್ಲೂ ಹೀಗೇ. ನಮ್ಮ ಕಾರವಾರದ ಹಡಗಿನ ಹುಡುಗರು ಬಂದರು ದಾಟಿದ ಕೂಡಲೇ ಸಿಮ್ ಬಂದ್ ಮಾಡುವುದು ಇದಕ್ಕೇ. ದೋಹಾದ ನಿಲ್ದಾಣದಲ್ಲಿ ವೈಫೈ ಪುಕ್ಕಟೆ. ಫ್ಲೈಟ್ ಮೋಡ್ ತೆಗೆಯದೇ ವೈಫೈ ಮಾತ್ರ ಹಾಕಿಕೊಂಡು ಮಗಳಿಗೆ "ದೋಹಾ ಮುಟ್ಟಿದೆವು" ಎಂದು ಕಳಿಸಬಹುದು. ಫ್ರಾಂಕ್‌ಫರ್ಟ್‌ನಲ್ಲೂ ವೈಫೈ ಪುಕ್ಕಟೆ. ಅಳಿಯ ಕರೆದೊಯ್ಯಲು ಬರುವುದಾದರೆ ಅಷ್ಟು ಸಾಕು. ನೀವೇ ರೈಲು ಹಿಡಿದು ಸ್ಟುಟ್‌ಗಾರ್ಟ್‌ಗೆ ಹೋಗುವುದಾದರೆ ಮಾತ್ರ ಒಂದು ದಿನದ ಸಣ್ಣ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಿ. ಆ ದುಡ್ಡಿಗೆ ನಾನು ಬೇಡ ಎನ್ನುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಸಿಮ್. ನಿಲ್ದಾಣದಲ್ಲಿ ಸಿಗುತ್ತದೆ, ಆದರೆ ಊರೊಳಗಿಗಿಂತ ತುಟ್ಟಿ. ಊರೊಳಗೆ ಆಲ್ಡಿ, ಲಿಡ್ಲ್, ರೇವೆಯಂಥ ಸೂಪರ್‌ಮಾರ್ಕೆಟ್‌ಗಳಲ್ಲೇ ಪ್ರೀಪೇಯ್ಡ್ ಸಿಮ್ಮಿನ ಪೊಟ್ಟಣ ತೂಗುಹಾಕಿರುತ್ತಾರೆ. ಟೆಲಿಕಾಂ, ವೊಡಾಫೋನ್, ಓಟೂ ಎಂಬ ದೊಡ್ಡ ಕಂಪನಿಗಳ ಜಾಲವನ್ನೇ ಈ ಅಂಗಡಿ ಸಿಮ್‌ಗಳೂ ಬಳಸುತ್ತವೆ. ಆಲ್ಡಿಯದ್ದು ಓಟೂ ಜಾಲದಲ್ಲಿ, ಲಿಡ್ಲ್‌ನದ್ದು ವೊಡಾಫೋನ್ ಜಾಲದಲ್ಲಿ ನಡೆಯುತ್ತದೆ. ನಿಮ್ಮ ಬಳಕೆಗೆ ನಾಲ್ಕು ವಾರಕ್ಕೆ ಹತ್ತು ಯೂರೋ ಆಸುಪಾಸಿನ ಪ್ಲಾನ್ ಸಾಕು. ಅಲ್ಲೂ ತಿಂಗಳು ಎಂದರೆ ನಾಲ್ಕು ವಾರ, ನಮ್ಮಲ್ಲಿಯ 28 ದಿನದ ಲೆಕ್ಕವೇ. ಅಂದರೆ 90 ದಿನಕ್ಕೆ ನಾಲ್ಕು ಸಲ ರೀಚಾರ್ಜ್. ದುಡ್ಡು ತುಂಬಲು ಆ್ಯಪೂ ಬೇಡ, ಕಾರ್ಡೂ ಬೇಡ. ಸೂಪರ್‌ಮಾರ್ಕೆಟ್‌ನ ಬಿಲ್ ಕೌಂಟರಿನಲ್ಲಿ ನಗದು ಕೊಟ್ಟರೆ ರೀಚಾರ್ಜ್ ಚೀಟಿ ಕೊಡುತ್ತಾರೆ.

ಕೊಳ್ಳುವುದು ಸುಲಭ, ಚಾಲೂ ಮಾಡುವುದು ತುಸು ರಗಳೆ. 2017ರ ಜುಲೈಯಿಂದ ಜರ್ಮನಿಯಲ್ಲಿ ಗುರುತು ಪರಿಶೀಲನೆ ಆಗದೇ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಪಾಸ್‌ಪೋರ್ಟ್ ಹಿಡಿದು ವಿಡಿಯೋ ಕಾಲಿನಲ್ಲಿ ತೋರಿಸಬೇಕು, ಇಲ್ಲವೇ ಅಂಚೆ ಕಚೇರಿಗೆ ಹೋಗಿ ತೋರಿಸಬೇಕು. ವಿಡಿಯೋದಲ್ಲಿ ಕೆಲವೊಮ್ಮೆ ಹೊರದೇಶದ ಪಾಸ್‌ಪೋರ್ಟ್ ಒಪ್ಪುವುದಿಲ್ಲ, ಬೆಳಕು ಸಾಲದು ಎನ್ನುತ್ತಾರೆ, ಮಾತೂ ಜರ್ಮನ್ ಇಲ್ಲವೇ ಇಂಗ್ಲಿಷ್. ಪ್ರಯಾಣದ ದಣಿವಿನಲ್ಲಿ ಇದು ಬೇಡ. ಕಂಪನಿಯ ಅಂಗಡಿಗೋ, ಲೆಬಾರಾ, ಲೈಕಾ ಸಿಮ್ ಮಾರುವ ಸಣ್ಣ ಅಂಗಡಿಗೋ ಹೋದರೆ ಅಂಗಡಿಯವರೇ ಪಾಸ್‌ಪೋರ್ಟ್ ನೋಡಿ ಚಾಲೂ ಮಾಡಿಕೊಡುತ್ತಾರೆ. ಅಲ್ಲಿನ ವಿಳಾಸ ಕೇಳುತ್ತಾರೆ, ಮಗಳ ಮನೆಯದ್ದು ಕೊಡಿ. ಇದಕ್ಕಿಂತಲೂ ಸುಲಭ, ಮಗಳೋ ಅಳಿಯನೋ ತಮ್ಮ ಹೆಸರಿನಲ್ಲಿ ಮೊದಲೇ ಚಾಲೂ ಮಾಡಿಸಿಟ್ಟಿರುವುದು. ಜವಾಬ್ದಾರಿ ಅವರದ್ದಾಗುತ್ತದೆ, ಮನೆಯವರಿಗೇ ತಾನೇ ಕೊಡುವುದು. ನೀವು ಇಳಿದ ಕೂಡಲೇ ಬಿಎಸ್ಸೆನ್ನೆಲ್ ಇದ್ದ ಜಾಗಕ್ಕೆ ಹಾಕಿದರೆ ಆಯಿತು. ನೀವು ಬಂದು ಇಳಿಯುವ ದಿನ ಯಾವ ವಾರ ಎಂದು ನೋಡಿಕೊಳ್ಳಲು ಮಗಳಿಗೂ ಹೇಳಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ರೈಲು ನಿಲ್ದಾಣ, ವಿಮಾನ ನಿಲ್ದಾಣದ ಕೆಲವೇ ಅಂಗಡಿ ತೆರೆದಿರುತ್ತವೆ.

ಸಿಮ್ ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಕ್ಕೆ ಜರ್ಮನಿಯ ಸಿಮ್ ಆರಿಸಿ. "ಡೇಟಾ ತಾನಾಗಿ ಬದಲಾಗಲಿ" ಎಂಬ ಅರ್ಥದ ಒಂದು ಆಯ್ಕೆ ಇರುತ್ತದೆ. ಒಂದು ಸಿಮ್ಮಿನ ಸಿಗ್ನಲ್ ಸೋತಾಗ ಇನ್ನೊಂದಕ್ಕೆ ಜಿಗಿಯುವುದು ಅದರ ಕೆಲಸ. ಅದನ್ನು ಬಂದ್ ಮಾಡಿ. ಡೇಟಾ ಬರದಿದ್ದರೆ ಹೆದರಬೇಡಿ, ಫೋನನ್ನು ಕಂಪನಿಯ ನೆಟ್‌ಗೆ ಜೋಡಿಸುವ ಎಪಿಎನ್ ಎಂಬ ಸೆಟ್ಟಿಂಗ್‌ನಲ್ಲಿ ಆ ಕಂಪನಿಯ ಹೆಸರು ಬಂದಿದೆಯಾ ಎಂದು ಅಳಿಯನಿಗೆ ನೋಡಲು ಹೇಳಿ. ಭಾರತದಲ್ಲಿ ಮಾರುವ ಕೆಲವು ಫೋನಿನಲ್ಲಿ ಯುರೋಪಿನಲ್ಲಿ ದೂರದ ಸಿಗ್ನಲ್ಲಿಗೆ ಬಳಸುವ 800 ಮೆಗಾಹರ್ಟ್ಸ್‌ನ ತರಂಗ, ಬ್ಯಾಂಡ್ 20, ಇರುವುದಿಲ್ಲ. ಪೇಟೆಯಲ್ಲಿ ಗೊತ್ತಾಗುವುದಿಲ್ಲ, ಹಳ್ಳಿ ಕಡೆ ಹೋದಾಗ, ದಪ್ಪ ಗೋಡೆಯ ಮನೆಯೊಳಗೆ ಸಿಗ್ನಲ್ ಕಡಿಮೆ ಕಾಣಬಹುದು. ಘಟ್ಟದವರಿಗೆ ಅದೇನು ಹೊಸದೇ.

ಏರ್‌ಟೆಲ್ ನಂಬರಿಗೆ ಫೋನ್ ಬಂದರೆ ಎತ್ತಬೇಡಿ. ಒಳಬರುವ ಕರೆಗೂ ರೋಮಿಂಗ್‌ನಲ್ಲಿ ದುಡ್ಡು. ಹೊರಡುವ ಮೊದಲೇ ನೆಂಟರ ಗುಂಪಿನಲ್ಲಿ "ವಾಟ್ಸಾಪಿಗೇ ಫೋನ್ ಮಾಡಿ" ಎಂದು ಹಾಕಿಬಿಡಿ. ಕಾಲ್ ಫಾರ್ವರ್ಡ್ ಇಟ್ಟಿದ್ದರೆ ತೆಗೆಯಿರಿ.

ಎಷ್ಟು ಡೇಟಾ ಬೇಕು ಎಂದು ನೀವು ಕೇಳಿಲ್ಲ, ಎಲ್ಲರೂ ತಪ್ಪು ಲೆಕ್ಕ ಹಾಕುವುದು ಅದರಲ್ಲೇ. ಇಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಸಿಗುವ ಅಭ್ಯಾಸ. ಹಾಗಾಗಿ ಅಲ್ಲಿ ತಿಂಗಳಿಗೆ ಹತ್ತು ಜಿಬಿ ಎಂದರೆ ಗಾಬರಿ. ಮಗಳ ಮನೆಯಲ್ಲಿ ವೈಫೈ ಇದೆ. ಬಾಣಂತಿ ಮನೆಯಲ್ಲಿ ನೀವು ದಿನದ ಹೆಚ್ಚು ಹೊತ್ತು ಮನೆಯೊಳಗೇ ಇರುವವರು. ಮೊಮ್ಮಗುವನ್ನು ತೋರಿಸುವ ವಿಡಿಯೋ ಕಾಲ್‌ಗಳೆಲ್ಲ ವೈಫೈಯಲ್ಲೇ ಆಗುತ್ತವೆ. ಒಂದು ತಾಸಿನ ವಿಡಿಯೋ ಕಾಲಿಗೆ ಕೆಲವು ನೂರು ಎಂಬಿ ಹೋಗುತ್ತದೆ. ಹೊರಗೆ ಹೋದಾಗ ಬೇಕಾಗುವುದು ನಕ್ಷೆ, ವಾಟ್ಸಾಪ್, ಅಷ್ಟೇ. ಡೇಟಾ ತಿನ್ನುವುದು ಗುಂಪುಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಶುಭೋದಯದ ವಿಡಿಯೋಗಳು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ಮೊಬೈಲ್ ಡೇಟಾದಲ್ಲಿ ಬಂದ್ ಮಾಡಿ. ಗೂಗಲ್ ಫೋಟೋಸ್ ವೈಫೈಯಲ್ಲಿ ಮಾತ್ರ ನಡೆಯಲಿ. ಮನೆಯ ವೈಫೈಯಲ್ಲಿ ಕೂತು ಸ್ಟುಟ್‌ಗಾರ್ಟ್ ಸುತ್ತಿನ ಗೂಗಲ್ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಜರ್ಮನ್, ಕನ್ನಡ ಎರಡನ್ನೂ ಇಳಿಸಿದರೆ ನೆಟ್ ಇಲ್ಲದೆಯೂ ಒಂದಷ್ಟು ನಡೆಯುತ್ತದೆ. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಕ್ಯಾಮೆರಾ ಹಿಡಿದರೆ ಒಳಗೆ ಮೊಟ್ಟೆ ಇದೆಯಾ, ಜಿಲೆಟಿನ್ ಇದೆಯಾ ಎಂದು ಗೊತ್ತಾಗುತ್ತದೆ. ಅಂದ ಹಾಗೆ, ಧಾರಾವಾಹಿ ನೋಡುವ ನಮ್ಮ ಕೆಲವು ಆ್ಯಪ್‌ಗಳು ಅಲ್ಲಿ ತೆರೆಯುವುದಿಲ್ಲ. ಪ್ರಸಾರದ ಹಕ್ಕು ಭಾರತಕ್ಕೆ ಮಾತ್ರ ಎಂಬ ಕಾರಣ, ಸಿಮ್ಮಿನ ತಪ್ಪಲ್ಲ. ಯಕ್ಷಗಾನ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ.

ಸ್ವಿಟ್ಜರ್ಲೆಂಡ್ ವಿಷಯಕ್ಕೆ ಬರೋಣ, ಇದರಲ್ಲಿ ಬಹಳ ಜನ ಬೀಳುತ್ತಾರೆ. ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಒಕ್ಕೂಟದ ಬೇರೆ ದೇಶಗಳಲ್ಲೂ ಮನೆಯ ದರದಲ್ಲೇ ನಡೆಯಬೇಕು ಎಂಬ ನಿಯಮ 2017ರ ಜೂನ್ 15ರಿಂದ ಇದೆ. 2022ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ನೀವು ಪ್ಯಾರಿಸ್‌ಗೋ ವಿಯೆನ್ನಾಗೋ ಹೋದರೆ ಜರ್ಮನಿಯ ಸಿಮ್ಮೇ ಸಾಕು, ಅದರ ಡೇಟಾ ರೋಮಿಂಗ್ ಒಂದು ಹಾಕಿಕೊಳ್ಳಬೇಕು. ನಾರ್ವೆ, ಐಸ್‌ಲ್ಯಾಂಡ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ನಿಯಮದಲ್ಲಿವೆ. ಸ್ವಿಟ್ಜರ್ಲೆಂಡ್ ಇಲ್ಲ. ವೀಸಾ ಒಂದೇ ಆದ್ದರಿಂದ ಸಿಮ್ಮೂ ಒಂದೇ ಎಂದುಕೊಂಡು ಹೋದವರ ಬ್ಯಾಲೆನ್ಸ್ ಗಡಿ ದಾಟಿದ ಮೇಲೆ ಖಾಲಿ. ಕೆಲವು ಕಂಪನಿಗಳು ತಾವಾಗಿ ಸ್ವಿಟ್ಜರ್ಲೆಂಡನ್ನೂ ಪ್ಲಾನಿನಲ್ಲಿ ಸೇರಿಸಿರುತ್ತವೆ. ಕೊಳ್ಳುವಾಗಲೇ ಅಳಿಯನಿಗೆ ಅದೊಂದನ್ನು ನೋಡಲು ಹೇಳಿ. ಸೇರಿಸಿಲ್ಲದಿದ್ದರೆ ಆ ಎರಡು ದಿನ ಜರ್ಮನ್ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇಟ್ಟು, ಅಳಿಯನ ಹಾಟ್‌ಸ್ಪಾಟ್, ಹೋಟೆಲಿನ ವೈಫೈ ಹಿಡಿದರೆ ಸಾಕು. ಎರಡು ದೇಶಗಳ ಗಡಿಯಲ್ಲಿರುವ ಬೋಡನ್ ಸರೋವರದ ಆಸುಪಾಸಿನಲ್ಲಿ ಗಡಿ ದಾಟದೆಯೂ ಫೋನು ಆಚೆಯ ಟವರ್ ಹಿಡಿಯಬಹುದು. ಹಾಗಾಗಿ ಆ ಕಡೆಗೆ ಹೊರಟ ದಿನ ಬೆಳಿಗ್ಗೆಯೇ ಬಂದ್ ಮಾಡಿ. ಲಂಡನ್‌ಗೆ ಹೋಗುವವರೂ ನೋಡಿಕೊಳ್ಳಿ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿ ಈ ನಿಯಮದ ಭರವಸೆ ಇಲ್ಲ.

ಭಟ್ಕಳ, ಮುರ್ಡೇಶ್ವರ ಕಡೆಯಿಂದ ದುಬೈಗೆ ಮಕ್ಕಳನ್ನು ನೋಡಲು ಹೋಗುವ ಓದುಗರಿಗೆ ಒಂದೆರಡು ಮಾತು. ಅಲ್ಲಿನ ಸಿಮ್ ಪಾಸ್‌ಪೋರ್ಟ್ ತೋರಿಸಿದರೆ ಸಿಗುತ್ತದೆ. ಆದರೆ ಯುಎಇಯ ಸಿಮ್ಮಿನಲ್ಲಿ, ಅಲ್ಲಿನ ವೈಫೈಯಲ್ಲಿ ವಾಟ್ಸಾಪ್ ಮೆಸೇಜ್, ಧ್ವನಿ ಸಂದೇಶ ಹೋಗುತ್ತವೆ, ಕರೆ ಹೋಗುವುದಿಲ್ಲ. ಫೋನ್ ಹಾಳಾಗಿದೆ ಎಂದುಕೊಳ್ಳಬೇಡಿ. ಬೋಟಿಮ್‌ನಂಥ ಒಪ್ಪಿಗೆ ಇರುವ ಆ್ಯಪನ್ನು ಊರಿನಲ್ಲಿರುವವರ ಫೋನಿಗೂ ಮೊದಲೇ ಹಾಕಿಸಿ ಹೋಗಿ. ಭಾರತದ ಸಿಮ್ಮಿನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ಕರೆ ಹೋಗುತ್ತದೆ. ಮೇಲೆ ಹೇಳಿದ ಹಾಗೆ ಆ ಡೇಟಾ ಭಾರತಕ್ಕೆ ಬಂದು ಹೋಗುತ್ತದಲ್ಲ, ಅದಕ್ಕೆ. ಉಮ್ರಾಗೆ ಹೋಗುವವರು ಸೌದಿಯಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಜೊತೆ ಬೆರಳಚ್ಚನ್ನೂ ಕೊಡಬೇಕು. ಗುಂಪಿನ ಒಬ್ಬರು ಹೋಗಿ ಎಲ್ಲರಿಗೂ ತರಲು ಆಗುವುದಿಲ್ಲ.

ಕೊನೆಗೆ ನಿಮ್ಮನೆಯವರ ಬಟನ್ ಫೋನ್. ಅದು ಹಳೇ 2ಜಿ ಫೋನ್ ಆದರೆ ಜರ್ಮನಿಯಲ್ಲಿ ಇನ್ನೂ ನಡೆಯುತ್ತದೆ. ಅಲ್ಲಿ 3ಜಿಯನ್ನು 2021ರಲ್ಲೇ ಮುಚ್ಚಿದರು, 2ಜಿ ಉಳಿದಿದೆ. ಮೇಲೆ ಹೇಳಿದ ಟೆಲಿಕಾಂ ಎಂಬ ಹೆಸರಿನ ಕಂಪನಿ 2028ರಲ್ಲಿ ಅದನ್ನೂ ಮುಚ್ಚುತ್ತೇವೆ ಎಂದಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಈಗಾಗಲೇ 2ಜಿ ಇಲ್ಲ, ಅಲ್ಲಿ ಅದು ಗಡಿಯಾರ ನೋಡಲು ಮಾತ್ರ. ಜಿಯೋದ ಬಟನ್ ಫೋನ್ ಆದರೆ ಅದಕ್ಕೆ ಬೇರೆ ಸಿಮ್ ಹಾಕುವ ಯೋಚನೆಯೇ ಬೇಡ. ಬೇರೆ ಬಟನ್ ಫೋನ್ ಆದರೆ ಜರ್ಮನಿಯ ಎರಡನೇ ಸಿಮ್ ಒಂದನ್ನು, ಡೇಟಾ ಇಲ್ಲದ, ಮಾತಾಡಿದಷ್ಟಕ್ಕೆ ದುಡ್ಡು ಕಡಿಯುವಂಥದ್ದನ್ನು ಹಾಕಿಕೊಡಿ. ಮಗಳ, ಅಳಿಯನ, ನಿಮ್ಮ ಜರ್ಮನ್ ನಂಬರ್‌ಗಳನ್ನು +49 ಸೇರಿಸಿ ಅದರಲ್ಲಿ ಬರೆದಿಡಿ. ಅವರು ಒಬ್ಬರೇ ವಾಕಿಂಗ್ ಹೊರಟಾಗ ಮಗಳ ಮನೆಯ ವಿಳಾಸ ಬರೆದ ಚೀಟಿಯೊಂದು ಜೇಬಿನಲ್ಲಿ ಇರಲಿ.